ನೆಗೆಟಿವ್ ವರದಿ ಕೈಯಲ್ಲಿದ್ದರೆ ವಿಮಾನ ಹತ್ತಬಹುದೇ?

ಪ್ರಶ್ನೆ: ನನ್ನ ಸಂಗಾತಿ ಬೇರೆ ದೇಶದಲ್ಲಿದ್ದಾರೆ. ಭೇಟಿಯಾಗಿ ಬಹಳ ಕಾಲವಾಯಿತು. ಸಾಂಕ್ರಾಮಿಕ ಹಬ್ಬಿರುವಾಗ ಹೋಗಿ ನೋಡಿಕೊಂಡು ಬರುವುದು ಸರಿಯೇ? ಹೊರಡುವ ಮೊದಲು ಪರೀಕ್ಷೆ ಮಾಡಿಸಿಕೊಂಡು ನೆಗೆಟಿವ್ ಬಂದರೆ ತೊಂದರೆಯಿಲ್ಲ ತಾನೇ?

ಉತ್ತರ: ಇದಕ್ಕೆ ಬರೆದೂ ಬರೆದೂ ಕೈ ಸೋತಿದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದಾಗಿನಿಂದ ಈ ಪ್ರಶ್ನೆ ಬರುತ್ತಲೇ ಇದೆ. 2023ರ ಮೇ 5ರಂದು ಅದೇ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದ ಮೇಲೂ ನಿಂತಿಲ್ಲ. ಎಲ್ಲೋ ಒಂದು ಹೊಸ ರೂಪಾಂತರಿಯ ಸುದ್ದಿ ಬಂದರೆ ಸಾಕು, ಮರುದಿನ ಮತ್ತೆ ಹಾಜರು. ಕೇಳುವವರ ವಯಸ್ಸು ಬೇರೆ, ಅವರ ಪ್ರೀತಿಯ ವಯಸ್ಸು ಬೇರೆ. ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ. ನೆಗೆಟಿವ್ ಬಂದರೆ ತೊಂದರೆಯಿಲ್ಲ ತಾನೇ?

ತೊಂದರೆ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೋಗುವುದೋ ಬಿಡುವುದೋ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಅಂದುಕೊಂಡದ್ದಕ್ಕಿಂತ ಮೂರು ವಾರ ಹೆಚ್ಚು ಅಲ್ಲಿಯೇ ಉಳಿಯಬೇಕಾಗಿ ಬಂದರೂ ನಿಮ್ಮ ಕೆಲಸ, ಹಣ, ವೀಸಾ ಮತ್ತು ಆ ಮನೆಯವರ ತಾಳ್ಮೆ ಅದನ್ನು ತಡೆದುಕೊಳ್ಳುತ್ತವೆ ಎಂದಾದರೆ ಹೋಗಿ. ಇಲ್ಲವಾದರೆ ಕಾಯಿರಿ. ಕಾರಣಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ವರದಿಯ ಭ್ರಮೆ ಬಿಡಿಸಬೇಕು. ಅದು ತಲೆಯಲ್ಲಿ ಕುಳಿತಿರುವಷ್ಟು ಹೊತ್ತು ಬೇರಾವ ಮಾತೂ ಒಳಗಿಳಿಯುವುದಿಲ್ಲ.

ಆರ್‌ಟಿ-ಪಿಸಿಆರ್ ಪರೀಕ್ಷೆ ಹೇಳುವುದು ಇಷ್ಟನ್ನೇ: ಕಡ್ಡಿ ಹಾಕಿ ತೆಗೆದ ಆ ಗಳಿಗೆಯಲ್ಲಿ, ಆ ಮೂಗು ಗಂಟಲಿನ ದ್ರವದಲ್ಲಿ, ಯಂತ್ರ ಹಿಡಿಯಬಲ್ಲಷ್ಟು ವೈರಸ್ ಇತ್ತೋ ಇಲ್ಲವೋ. ನಿಮ್ಮ ದೇಹದೊಳಗೆ ಸೋಂಕು ಕಾಲಿಟ್ಟಿದೆಯೇ ಎಂದು ಅದು ಹೇಳುವುದಿಲ್ಲ. ನಾಡಿದ್ದು ನೀವು ಹೇಗಿರುತ್ತೀರಿ ಎಂದಂತೂ ಹೇಳುವುದೇ ಇಲ್ಲ. ವೈರಸ್ ಒಳಹೊಕ್ಕ ಮೇಲೆ ಜೀವಕೋಶಗಳಲ್ಲಿ ಬೀಡುಬಿಟ್ಟು, ಪ್ರತಿಗಳನ್ನು ಹೆಚ್ಚಿಸಿಕೊಂಡು, ದ್ರವದಲ್ಲಿ ಕಾಣಿಸುವಷ್ಟಾಗಲು ಕೆಲವು ದಿನ ಬೇಕು. ಮೊದಲ ತಳಿಯಲ್ಲಿ ಸೋಂಕು ತಗುಲಿದ ದಿನದಿಂದ ಲಕ್ಷಣ ಕಾಣುವವರೆಗೆ ಸುಮಾರು ಐದು ದಿನ ಹಿಡಿಯುತ್ತಿತ್ತು. ಕೆಲವರಲ್ಲಿ ಹನ್ನೊಂದು, ಹನ್ನೆರಡು ದಿನವೂ ಆಗುತ್ತಿತ್ತು. ಓಮಿಕ್ರಾನ್ ಎಂಬ ರೂಪಾಂತರಿ ಅದನ್ನು ಮೂರು ದಿನದ ಆಸುಪಾಸಿಗೆ ಇಳಿಸಿತು. ಈ ನಡುವಿನ ದಿನಗಳಲ್ಲಿ ಪರೀಕ್ಷೆ ಮಾಡಿಸಿದರೆ ಪ್ರಯೋಗಾಲಯ ಎಷ್ಟು ಒಳ್ಳೆಯದಾದರೂ ನೆಗೆಟಿವ್ ಬರುವ ಸಾಧ್ಯತೆಯೇ ಹೆಚ್ಚು.

ಎಷ್ಟು ಹೆಚ್ಚು? 2020ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸೋಂಕು ತಗುಲಿದ ಮೊದಲ ದಿನ ಪರೀಕ್ಷೆ ಸೋಂಕಿತರನ್ನು ಹಿಡಿಯುವುದೇ ಇಲ್ಲ. ನಾಲ್ಕನೆಯ ದಿನವೂ ನೂರರಲ್ಲಿ 67 ಮಂದಿ ತಪ್ಪಿಸಿಕೊಳ್ಳುತ್ತಾರೆ. ಲಕ್ಷಣ ಶುರುವಾಗುವ ದಿನ ತಪ್ಪಿಸಿಕೊಳ್ಳುವವರು 38. ಪರೀಕ್ಷೆ ಅತ್ಯಂತ ಚುರುಕಾಗಿರುವುದು ಎಂಟನೆಯ ದಿನ. ಆಗಲೂ ನೂರಕ್ಕೆ 20 ಮಂದಿ ನುಸುಳಿಹೋಗುತ್ತಾರೆ. ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ನಾನು ಕಾಯುತ್ತೇನೆ.

ಈಗ ಇದನ್ನು ಒಂದು ಪ್ರಯಾಣಕ್ಕೆ ಹೊಂದಿಸಿ ನೋಡೋಣ. ಭಾನುವಾರ ರಾತ್ರಿ ಗೆಳೆಯರು ಬೀಳ್ಕೊಡುಗೆಯ ಊಟಕ್ಕೆ ಕರೆದರು. ಸೋಂಕು ತಗುಲಿದ್ದು ಅಲ್ಲಿ ಎನ್ನಿ. ಮಂಗಳವಾರ ಸಂಜೆ ನೀವು ಮಾದರಿ ಕೊಟ್ಟಿರಿ, ಬುಧವಾರ ನೆಗೆಟಿವ್ ವರದಿ ಬಂತು. ಗುರುವಾರ ರಾತ್ರಿ ವಿಮಾನ. ವರದಿ ಹೊರಡುವ ಮುಂಚಿನ 72 ಗಂಟೆಯೊಳಗಿನದಾಗಿರಬೇಕು ಎಂದು ಹಲವು ದೇಶಗಳು ಹಾಕಿದ್ದ ನಿಯಮ ಅಕ್ಷರಶಃ ಪಾಲನೆಯಾಗಿದೆ, ಗೇಟಿನಲ್ಲಿ ಕಾಗದ ನೋಡಿದವರೂ ತಲೆಯಾಡಿಸಿ ಒಳಗೆ ಬಿಟ್ಟರು. ಆದರೆ ಲಕ್ಷಣ ಕಾಣುವುದಕ್ಕೆ ಸುಮಾರು ಎರಡು ದಿನ ಮೊದಲೇ ಸೋಂಕು ಇತರರಿಗೆ ಹರಡತೊಡಗುತ್ತದೆ. ಅಂದರೆ ನೀವು ವಿಮಾನ ಹತ್ತುವ ಹೊತ್ತಿಗೇ ಅದನ್ನು ಹಂಚುತ್ತಿದ್ದೀರಿ. ಶುಕ್ರವಾರ ಸಂಗಾತಿಯ ಮನೆ ಬಾಗಿಲಿಗೆ ತಲುಪುತ್ತೀರಿ, ಶನಿವಾರ ಬೆಳಿಗ್ಗೆ ಕೆಮ್ಮು. ಪ್ರಯಾಣದಲ್ಲಿ ತಂಪು ಗಾಳಿ ಬಡಿದಿರಬೇಕು ಎಂದುಕೊಳ್ಳುತ್ತೀರಿ, ಏಕೆಂದರೆ ಚೀಲದಲ್ಲಿ ನೆಗೆಟಿವ್ ವರದಿ ಇದೆ. ಆ ಕಾಗದದ ನಿಜವಾದ ಅಪಾಯ ಇದೇ. ಅದು ಸೋಂಕನ್ನು ತಡೆಯಲಿಲ್ಲ, ನಿಮ್ಮ ಅನುಮಾನವನ್ನು ಮಾತ್ರ ತಡೆಯಿತು.

ಇದು ಊಹೆಯ ಕಥೆ ಎನ್ನುವವರಿಗೆ ನಡೆದದ್ದನ್ನೇ ಹೇಳುತ್ತೇನೆ. 2020ರ ಸೆಪ್ಟೆಂಬರ್ 29ರಂದು ದುಬೈನಿಂದ ಹೊರಟು, ಕೌಲಾಲಂಪುರದಲ್ಲಿ ಇಂಧನ ತುಂಬಿಸಿಕೊಂಡು, ಸುಮಾರು 18 ಗಂಟೆ ಹಾರಿ ಒಂದು ವಿಮಾನ ಆಕ್ಲೆಂಡ್ ತಲುಪಿತು. ಅದರಲ್ಲಿದ್ದ ಏಳು ಮಂದಿಗೆ ಮುಂದೆ ನ್ಯೂಜಿಲೆಂಡಿನ 14 ದಿನಗಳ ಕಡ್ಡಾಯ ಪ್ರತ್ಯೇಕವಾಸದಲ್ಲಿ ಸೋಂಕು ಪತ್ತೆಯಾಯಿತು. ಅವರು ಪ್ರಯಾಣ ಆರಂಭಿಸಿದ್ದು ಐದು ಬೇರೆ ಬೇರೆ ದೇಶಗಳಿಂದ. ಏಳರಲ್ಲಿ ಐವರ ಬಳಿ ಹೊರಡುವ ಮುಂಚಿನ ನೆಗೆಟಿವ್ ವರದಿಯಿತ್ತು. ಆದರೂ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ವಂಶವಾಹಿ ಬರಹ, ಬಿಡಿಸಿ ನೋಡಿದಾಗ ಎಲ್ಲವೂ ಬಹುತೇಕ ಒಂದೇ. ಇವರ ಆಸನಗಳೂ ಕೆಲವೇ ಸಾಲುಗಳ ಅಂತರದಲ್ಲಿದ್ದವು. ಹಾರಾಟದಲ್ಲಿಯೇ ಒಬ್ಬರಿಂದ ಒಬ್ಬರಿಗೆ ದಾಟಿತ್ತು. ಗಮನಿಸಿ, ಇದು ಬಯಲಾದದ್ದು ಹೊರಡುವ ಮುಂಚಿನ ಕಾಗದದಿಂದಲ್ಲ. ತಲುಪಿದ ಮೇಲೆ ಕೂಡಿಹಾಕಿ, ಮತ್ತೆ ಮತ್ತೆ ಪರೀಕ್ಷಿಸಿದ್ದರಿಂದ.

ಇಷ್ಟಾದ ಮೇಲೆ ಒಂದು ಜಾಣ ಪ್ರಶ್ನೆ ಬರುತ್ತದೆ: ಹಾಗಾದರೆ ಸರ್ಕಾರಗಳು ಆ ವರದಿ ಕೇಳಿದ್ದಾದರೂ ಏಕೆ, ಅವುಗಳಿಗೆ ಬುದ್ಧಿಯಿರಲಿಲ್ಲವೇ? ಇತ್ತು. ಸರ್ಕಾರದ ಲೆಕ್ಕ ಬೇರೆ, ನಿಮ್ಮದು ಬೇರೆ. ದಿನಕ್ಕೆ ಸಾವಿರಾರು ಮಂದಿ ಬಂದಿಳಿಯುವಾಗ ಸೋಂಕಿತರಲ್ಲಿ ಒಂದು ಪಾಲನ್ನಾದರೂ ಹೊರಡುವ ಮೊದಲೇ ತಡೆದರೆ ಆ ದೇಶದ ಆಸ್ಪತ್ರೆಗಳಿಗೆ ಲಾಭ. ಜರಡಿಯಲ್ಲಿ ತೂತಿದ್ದರೂ ಅದು ರಾಶಿಗೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಒಂದು ಕಾಳು ಮೇಲುಳಿಯಿತೋ ಕೆಳಗುದುರಿತೋ ಅದು ಹೇಳಲಾರದು. ಇನ್ನು ಆ ಗಂಟೆಗಳ ಲೆಕ್ಕವನ್ನು ವೈರಸ್ ಬರೆದುಕೊಟ್ಟದ್ದಲ್ಲ. ಅಮೆರಿಕ 2021ರ ಜನವರಿಯಲ್ಲಿ ಮೂರು ದಿನದೊಳಗಿನ ವರದಿ ಕೇಳಿತು, ಓಮಿಕ್ರಾನ್ ಬಂದಾಗ ಅದೇ ವರ್ಷದ ಡಿಸೆಂಬರ್ 6ರಿಂದ ಒಂದು ದಿನಕ್ಕೆ ಇಳಿಸಿತು, 2022ರ ಜೂನ್ 12ರಂದು ನಿಯಮವನ್ನೇ ಕೈಬಿಟ್ಟಿತು.

ಇದೇ ಪರೀಕ್ಷೆ ತಿರುಗುಮುರುಗಾಗಿಯೂ ಕಾಡುತ್ತದೆ. ಗುಣವಾಗಿ ವಾರಗಳು ಕಳೆದರೂ ವೈರಸ್ಸಿನ ಸತ್ತ ಚೂರುಗಳು ಪಿಸಿಆರ್‌ಗೆ ಸಿಕ್ಕಿ ಪಾಸಿಟಿವ್ ಬರಬಹುದು. ಯಾರಿಗೂ ಹರಡದ ಮನುಷ್ಯ ವಿಮಾನ ನಿಲ್ದಾಣದಲ್ಲಿ ಕುಳಿತುಬಿಡುತ್ತಾನೆ, ಹರಡುವವನು ಹಾರುತ್ತಾನೆ.

ಹಾಗಾದರೆ ಏನು ಮಾಡಬೇಕು? ಹೊರಡುವ ಮೊದಲಿನ ಹತ್ತು ದಿನ ಯಾರ ಮನೆಗೂ ಹೋಗಬೇಡಿ, ಯಾರನ್ನೂ ಕರೆಯಬೇಡಿ. ಬೀಳ್ಕೊಡುಗೆಯ ಊಟ ಬೇಡವೇ ಬೇಡ. ಹೊರಡುವವರನ್ನು ಕೆಡಿಸುವುದು ಅದೇ. ಈ ಹತ್ತು ದಿನದ ಸಂಯಮ ಮಾಡುವ ಕೆಲಸವನ್ನು ಯಾವ ವರದಿಯೂ ಮಾಡದು. ತಲುಪಿದ ಮೇಲೆ ಸಾಧ್ಯವಾದರೆ ಮೊದಲ ಐದಾರು ದಿನ ಬೇರೆ ಕೋಣೆ, ನಡುವೆ ಒಂದೆರಡು ಬಾರಿ ಮತ್ತೆ ಪರೀಕ್ಷೆ. ಅಷ್ಟು ದೂರ ಹೋಗಿ ಬೇರೆ ಕೋಣೆಯೇ ಎಂದು ಮುಖ ಸಿಂಡರಿಸಬೇಡಿ. ಆ ಮನೆಯಲ್ಲಿ ಸಂಗಾತಿಯ ವಯಸ್ಸಾದ ತಂದೆ ತಾಯಿ ಇದ್ದರೆ ಇದು ಸಲಹೆಯಲ್ಲ, ಷರತ್ತು. ವಿಮಾನದೊಳಗಿನ ಗಾಳಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಾಳಿಯ ಸೂಕ್ಷ್ಮ ಕಣಗಳನ್ನು ಹಿಡಿಯುವ ಅಲ್ಲಿನ ಹೆಪಾ ಶೋಧಕಗಳು ಒಳ್ಳೆಯವೇ, ಕೆಲವೇ ನಿಮಿಷಗಳಲ್ಲಿ ಗಾಳಿ ಬದಲಾಗುತ್ತದೆ. ಆದರೆ ಪಕ್ಕದ ಸೀಟಿನವನ ಕೆಮ್ಮು ಶೋಧಕವನ್ನು ತಲುಪುವ ಮೊದಲು ನಿಮ್ಮನ್ನು ತಲುಪುತ್ತದೆ. ಮಾಸ್ಕ್ ತೆಗೆಯಬೇಡಿ.

ಈಗ ಆ ಮೂರು ವಾರದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಹೋಗುವ ದಾರಿಯ ಬಗ್ಗೆಯೇ ಚಿಂತಿಸುತ್ತಾರೆ. ಜನ ಸಿಕ್ಕಿಹಾಕಿಕೊಂಡದ್ದು ಬರುವ ದಾರಿಯಲ್ಲಿ. ಓಮಿಕ್ರಾನ್ ಇದಕ್ಕೆ ಒಳ್ಳೆಯ ಪಾಠ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಅದನ್ನು ವರದಿ ಮಾಡಿತು, 26ರಂದು ಹೆಸರು ಬಂತು, 30ರಂದು ಜಪಾನ್ ಹೊಸದಾಗಿ ಬರುವ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಒಂದು ವಾರವೂ ತುಂಬಿರಲಿಲ್ಲ. ನಿಮ್ಮ ಟಿಕೆಟ್ ಎಷ್ಟು ದಿನ ಮುಂಚೆ ತೆಗೆಸಿದ್ದು?

ಸ್ವಂತ ದೇಶ ನನ್ನನ್ನು ಒಳಗೆ ಬಿಡದೇ ಇರುತ್ತದೆಯೇ ಎನ್ನುವವರಿಗೂ ಉತ್ತರವಿದೆ. 2021ರ ಮೇ ತಿಂಗಳ ಮೊದಲ ಎರಡು ವಾರ, ಹಿಂದಿನ ಹದಿನಾಲ್ಕು ದಿನದಲ್ಲಿ ಭಾರತದಲ್ಲಿದ್ದವರು ತನ್ನ ನೆಲಕ್ಕೆ ಬರುವುದನ್ನೇ ಆಸ್ಟ್ರೇಲಿಯಾ ಅಪರಾಧ ಮಾಡಿತ್ತು. ಅವರಲ್ಲಿ ಅದರ ಸ್ವಂತ ನಾಗರಿಕರೂ ಸೇರಿದ್ದರು. ಶಿಕ್ಷೆ ಐದು ವರ್ಷ ಜೈಲಿನವರೆಗೆ. ಅದೇ ದೇಶ 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್ ಕೊನೆಯವರೆಗೆ ತನ್ನ ನಾಗರಿಕರು ಅನುಮತಿಯಿಲ್ಲದೆ ಹೊರಗೆ ಹೋಗುವುದನ್ನೂ ತಡೆದಿತ್ತು. ವಾಪಸಾದವರಿಗೆ ಹೋಟೆಲಿನಲ್ಲಿ 14 ದಿನ; ನ್ಯೂ ಸೌತ್ ವೇಲ್ಸ್ ರಾಜ್ಯ 2020ರ ಜುಲೈನಿಂದ ಅದಕ್ಕೆ ವಯಸ್ಕರೊಬ್ಬರಿಗೆ 3,000 ಆಸ್ಟ್ರೇಲಿಯನ್ ಡಾಲರ್ ಬಿಲ್ಲನ್ನೂ ಹಾಕಿತು. ಎರಡು ವಾರ ರಜೆ ಹಾಕಿ ಹೋಗಿಬರುತ್ತೇನೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ. ಎರಡೂ ತುದಿಯಲ್ಲಿ ಪ್ರತ್ಯೇಕವಾಸವಿದ್ದರೆ ರಜೆಯೆಲ್ಲ ಗೋಡೆ ನೋಡುವುದಕ್ಕೇ ಸರಿಹೋಗುತ್ತದೆ.

ಹಾಗಾಗಿ ಇಬ್ಬರಲ್ಲಿ ಯಾರು ಹೋಗಬೇಕು ಎಂಬುದನ್ನು ಯಾರಿಗೆ ಹೆಚ್ಚು ಹಂಬಲವಿದೆ ಎಂಬುದರ ಮೇಲೆ ತೀರ್ಮಾನಿಸಬೇಡಿ. ಯಾರ ಕೆಲಸ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಯಾರ ವೀಸಾ ಅವಧಿ ಉದ್ದವಾಗಿದೆ, ಯಾರ ಮನೆಯಲ್ಲಿ ಆರೈಕೆ ಬೇಕಾದವರಿಲ್ಲ, ಅವರು ಹೊರಡಲಿ. ವಿಮೆ ಮಾಡಿಸುವಾಗ ಸಣ್ಣ ಅಕ್ಷರ ಓದಿ. ಸಾಂಕ್ರಾಮಿಕ ಜಗಜ್ಜಾಹೀರಾದ ಮೇಲೆ ಕೊಂಡ ಎಷ್ಟೋ ಪಾಲಿಸಿಗಳು ಅದರಿಂದಾದ ಪ್ರಯಾಣ ರದ್ದಿಗೆ ಕಾಸು ಕೊಡುವುದಿಲ್ಲ.

ಇಲ್ಲಿ ಯಾರೂ ನೇರವಾಗಿ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ಪ್ರಶ್ನೆಯಿದೆ. ನೀವಿಬ್ಬರೂ ಜೋಡಿ ಎಂದು ಗಡಿಯಲ್ಲಿ ನಿಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಮದುವೆಯಾದವರಿಗೆ ಹಲವು ದೇಶಗಳು ಬೇಗನೆ ವಿನಾಯಿತಿ ಕೊಟ್ಟವು. ಮದುವೆಯಾಗದವರನ್ನು ಪ್ರವಾಸಿಗರ ಸಾಲಿಗೆ ಸೇರಿಸಿ ಹೊರಗಿಟ್ಟವು. 2020ರ ಮಧ್ಯಭಾಗದಲ್ಲಿ ‘ಪ್ರೀತಿ ಪ್ರವಾಸೋದ್ಯಮವಲ್ಲ’ ಎಂಬ ಘೋಷಣೆ ಹಿಡಿದು ಜಗತ್ತಿನ ಉದ್ದಗಲಕ್ಕೂ ಇಂಥ ಜೋಡಿಗಳು ಸರ್ಕಾರಗಳ ಬೆನ್ನುಬಿದ್ದದ್ದು ಅದಕ್ಕೇ. ಮೊದಲೇ ಮಣಿದವರಲ್ಲಿ ಡೆನ್ಮಾರ್ಕ್ ಒಂದು. ಫೋಟೊ, ಸಂದೇಶ, ಇಮೇಲ್ ತೋರಿಸಬೇಕಾದೀತು ಎಂದು ಆರಂಭದಲ್ಲಿ ಅಲ್ಲಿನ ಪೊಲೀಸರು ಹೇಳಿದಾಗ, ಪ್ರೇಮಪತ್ರವನ್ನು ಪೊಲೀಸರು ಓದುವುದೇ ಎಂದು ಗದ್ದಲವೆದ್ದು, ಕೊನೆಗೆ ಸಹಿ ಮಾಡಿದ ಘೋಷಣಾಪತ್ರಕ್ಕೆ ಬಂದು ನಿಂತಿತು. ಜರ್ಮನಿ ಆಗಸ್ಟ್ 10ರಿಂದ ಬಿಟ್ಟುಕೊಂಡಿತು. ಇಬ್ಬರ ಸಹಿಯ ಹೇಳಿಕೆಯ ಜೊತೆಗೆ, ಹಿಂದೆ ಜರ್ಮನಿಯಲ್ಲಿ ಒಮ್ಮೆಯಾದರೂ ಮುಖಾಮುಖಿ ಭೇಟಿಯಾದದ್ದಕ್ಕೋ ಹೊರದೇಶದಲ್ಲಿ ಒಟ್ಟಿಗೆ ವಾಸವಿದ್ದದ್ದಕ್ಕೋ ಪುರಾವೆ ಬೇಕಿತ್ತು. ಕೆನಡಾ ಅಕ್ಟೋಬರ್ 8ರಿಂದ ಒಪ್ಪಿತು. ಸಂಬಂಧಕ್ಕೆ ಕನಿಷ್ಠ ಒಂದು ವರ್ಷವಾಗಿರಬೇಕು, ಇಬ್ಬರೂ ಪ್ರತ್ಯಕ್ಷವಾಗಿ ಒಟ್ಟಿಗೆ ಕಾಲ ಕಳೆದಿರಬೇಕು, ಪ್ರಮಾಣಪೂರ್ವಕ ಘೋಷಣೆ ಕೊಡಬೇಕು.

ಮೂರನೆಯ ದೇಶದ ಉಪಾಯವನ್ನೂ ಜನ ಕಂಡುಕೊಂಡರು. ಯುರೋಪಿನಿಂದ ಬರುವವರಿಗೆ ಅಮೆರಿಕ ಹೇರಿದ್ದ ಪ್ರವೇಶ ನಿಷೇಧ ಪೌರತ್ವದ ಮೇಲಿರಲಿಲ್ಲ, ಹಿಂದಿನ 14 ದಿನ ಎಲ್ಲಿದ್ದಿರಿ ಎಂಬುದರ ಮೇಲಿತ್ತು. ಹಾಗಾಗಿ ಎಷ್ಟೋ ಯುರೋಪಿಯನ್ನರು ವಿಮಾನಯಾನ ನಿಲ್ಲಿಸದ ಮೆಕ್ಸಿಕೊದಲ್ಲಿ ಎರಡು ವಾರ ಕಳೆದು ಅಲ್ಲಿಂದ ಒಳಹೊಕ್ಕರು. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಸೋಂಕಿನ ದೃಷ್ಟಿಯಿಂದ ಹೇಳುವುದಾದರೆ ಒಂದು ವಿಮಾನದ ಬದಲು ಎರಡು, ಎರಡು ದೇಶಗಳ ಬದಲು ಮೂರು. ನನಗೆ ಒಪ್ಪಿಗೆಯಿಲ್ಲ.

ಪುರಾವೆಯ ಮಾತಿಗೆ ಮರಳಿದರೆ, ಆನ್‌ಲೈನಿನಲ್ಲಿ ಮಾತ್ರ ಪರಿಚಯವಾಗಿ ಒಮ್ಮೆಯೂ ಎದುರಾಗದವರಿಗೆ ಜರ್ಮನಿಯ, ಕೆನಡಾದ ಈ ಬಾಗಿಲು ತೆರೆಯಲೇ ಇಲ್ಲ. ಭೇಟಿಯಾದವರಲ್ಲಿಯೂ ಹಲವರು ದಾಖಲೆ ಹುಡುಕಿ ಸುಸ್ತಾದರು. ಆದ್ದರಿಂದ ಸಾಂಕ್ರಾಮಿಕ ಇಲ್ಲದ ಈ ಕಾಲದಲ್ಲಿಯೇ ಒಂದು ಕಡತ ಮಾಡಿಡಿ: ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳು, ಇಬ್ಬರ ಹೆಸರಿರುವ ಬಾಡಿಗೆ ಕರಾರು ಅಥವಾ ಹೋಟೆಲ್ ರಸೀದಿ, ದಿನಾಂಕವಿರುವ ಫೋಟೊಗಳು. ಬೋರ್ಡಿಂಗ್ ಪಾಸ್ ಸಾಮಾನ್ಯವಾಗಿ ಶಾಖಕ್ಕೆ ಅಚ್ಚಾಗುವ ಕಾಗದದ್ದು, ಅದರ ಅಕ್ಷರ ಬರಬರುತ್ತಾ ಮಾಸಿ ಬಿಳಿಯ ಚೀಟಿಯಾಗುತ್ತದೆ. ಇಳಿದ ದಿನವೇ ಅದರ ಚಿತ್ರ ತೆಗೆದು ಕಡತಕ್ಕೆ ಸೇರಿಸಿ.