ಪರದೆ ತುಂಬ ಎರರ್ ತೋರಿಸಿ ರೊಕ್ಕ ಹಾಕ್ಸಿಕೊಂಡರು: ಅವು ಖರೇನ ಎರರ್‌ಗಳೇ?

ಪ್ರಶ್ನೆ: ನಮ್ಮ ಅಪ್ಪಾರು ರಿಟೈರ್ಡ್ ಮಾಸ್ತರು, ಇರೋದು ಧಾರವಾಡದ ಸಪ್ತಾಪುರದಾಗ. ಲ್ಯಾಪ್‌ಟಾಪಿನ್ಯಾಗ ಪೇಪರ್ ಓದಾಕತ್ತಾಗ ಪರದೆ ಒಮ್ಮೆಲೆ ಕೆಂಪಾಗಿ ಸೈರನ್ ಹೊಡಕೊಳ್ಳಾಕ ಹತ್ತಿತಂತ. ಅದರ ಮ್ಯಾಲಿನ ನಂಬರಿಗೆ ಫೋನ್ ಮಾಡ್ಯಾರ. ಅವರು ಎನಿಡೆಸ್ಕ್ (ದೂರದಿಂದನ ನಮ್ಮ ಮಷಿನ್ ನಡಸೋ ಆ್ಯಪ್) ಹಾಕ್ಸಿ, ಸಾವಿರಾರು ಎರರ್ ತಗದು ತೋರಿಸಿ, ಮೂರು ವರ್ಷದ 'ಸೆಕ್ಯುರಿಟಿ ಪ್ಲ್ಯಾನ್' ಅಂತ 14,999 ರೂಪಾಯಿ ಯುಪಿಐನಾಗ ಹಾಕ್ಸಿಕೊಂಡಾರ. 'ಎರರ್ ನಾನ ಕಣ್ಣಾರೆ ನೋಡೇನಿ, ಮೋಸ ಹೆಂಗ ಆಗ್ತೈತಿ' ಅಂತಾರ. ಈಗೇನ್ ಮಾಡೋದ್ರಿ?

ಉತ್ತರ: ಎರರ್ ಇದ್ದದ್ದು ಖರೆ. ಅಂಥವು ನಿಮ್ಮ ಲ್ಯಾಪ್‌ಟಾಪಿನಲ್ಲೂ ಇವೆ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಈವೆಂಟ್ ವ್ಯೂವರ್' ತೆರೆಯಿರಿ. ಎಡಗಡೆ 'ವಿಂಡೋಸ್ ಲಾಗ್ಸ್', ಅದರೊಳಗೆ 'ಸಿಸ್ಟಮ್'. ಯಾವ ರೋಗವೂ ಇಲ್ಲದ ಮಷಿನ್ನಿನಲ್ಲೂ ಅಲ್ಲಿ ಕೆಂಪು, ಹಳದಿ ಗುರುತುಗಳು ಸಾಲಾಗಿ ಕೂತಿರುತ್ತವೆ. ಇದು ವಿಂಡೋಸ್ ತನಗಾಗಿ ಬರೆದುಕೊಳ್ಳುವ ದಿನಚರಿ. ಯಾವುದೋ ಸರ್ವಿಸ್ ಶುರುವಾಗಲು ತಡವಾದರೆ ಒಂದು ಸಾಲು, ಕರೆಂಟ್ ಹೋಗಿ ಮಷಿನ್ ಬಂದ್ ಆದರೆ ಇನ್ನೊಂದು. ಪದೇಪದೇ ಕಾಣುವ 10016 ನಂಬರಿನ ದಾಖಲೆಯನ್ನು ಬಿಟ್ಟುಬಿಡಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ. ಇದನ್ನು ಅಪ್ಪಾರ ಎದುರಿಗೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿ. 'ಮೋಸ ಹೋದ್ರಿ' ಎಂದು ಹತ್ತು ಸಲ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಅಷ್ಟೇ.

ಸೈರನ್ ಹೊಡೆದ ಕೆಂಪು ಪರದೆಯೂ ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಮತ್ತೆ ಬಂದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್' ಕೊಡಿ. ಬ್ರೌಸರ್ ಮತ್ತೆ ತೆರೆದಾಗ ಹಳೆಯ ಪುಟಗಳನ್ನು 'ರಿಸ್ಟೋರ್' ಮಾಡಲೇ ಎಂದು ಕೇಳಿದರೆ ಒಪ್ಪಬೇಡಿ, ಅದೇ ಪುಟ ವಾಪಸ್ ಬರುತ್ತದೆ.

ಈಗ ರೊಕ್ಕದ ಮಾತು. ಇದನ್ನು ಓದಿ ಮುಗಿಸುವ ಮುಂಚೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೂ ನಡೆದೀತು. ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ (ವ್ಯವಹಾರದ ಗುರುತು) ನಂಬರ್, ಹೊತ್ತು, ಮೊತ್ತ ಕೈಯಲ್ಲಿರಲಿ. ಹಣ ಮೋಸಗಾರರ ಖಾತೆಯಿಂದ ಮುಂದಕ್ಕೆ ಹಾರುವ ಮೊದಲು ತಡೆಹಿಡಿಯಬೇಕು, ಅವಸರ ಅದಕ್ಕೇ. ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು, ಹುಬ್ಬಳ್ಳಿ-ಧಾರವಾಡದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಪೊಲೀಸ್ ಠಾಣೆಗೊಂದು ಅರ್ಜಿ. ಆದರೆ ಪಿನ್ ಒತ್ತಿ ಕಳಿಸಿದ್ದು ಅಪ್ಪಾರೇ ಆದ್ದರಿಂದ ಬ್ಯಾಂಕು ತಾನೇ ನಷ್ಟ ತುಂಬಿಕೊಡುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಯುಪಿಐ ಆ್ಯಪಿನ 'ಆಟೋಪೇ' (ತಾನಾಗೇ ರೊಕ್ಕ ಕಡಿತವಾಗುವ ಅನುಮತಿಗಳ ಪಟ್ಟಿ) ತೆರೆದು, ಗೊತ್ತಿಲ್ಲದ ಅನುಮತಿ ಏನಾದರೂ ಇದ್ದರೆ ತೆಗೆದುಹಾಕಿ.

ಲ್ಯಾಪ್‌ಟಾಪಿನ ವೈಫೈ ಮೊದಲು ಬಂದ್ ಮಾಡಿ, ಆಮೇಲೆ ಎನಿಡೆಸ್ಕ್ ಅನ್‌ಇನ್‌ಸ್ಟಾಲ್. ಅದರಲ್ಲಿ ಪಾಸ್‌ವರ್ಡ್ ಇಟ್ಟುಹೋಗಿದ್ದರೆ ಯಾರೂ 'ಒಪ್ಪಿಗೆ' ಒತ್ತದಿದ್ದರೂ ಅವರು ಮತ್ತೆ ಒಳಗೆ ಬರಬಹುದು. 'ವಿಂಡೋಸ್ ಸೆಕ್ಯುರಿಟಿ'ಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಓಡಿಸಿ. ಮಷಿನ್ ರಿಸ್ಟಾರ್ಟ್ ಆಗಿ ಸುಮಾರು ಕಾಲು ತಾಸು ಹಿಡಿಯುತ್ತದೆ. ವೈರಸ್ ಹುಡುಕುವ ಈ ಸ್ಕ್ಯಾನ್ ವಿಂಡೋಸ್ ಜೊತೆಗೇ ಪುಕ್ಕಟೆ ಬಂದದ್ದು. ಇಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಬೇರೆ ಮಷಿನ್ನಿನಿಂದ ಬದಲಿಸಿ. ಮೊಬೈಲಿನಲ್ಲೂ ಎನಿಡೆಸ್ಕ್ ಹಾಕಿಸಿದ್ದಾರೋ ನೋಡಿ. ಇದ್ದರೆ ಬಂದ ಒಟಿಪಿಗಳನ್ನೂ ಅವರು ಓದಿರಬಹುದು.

ಕೆಲವು ದಿನ ಬಿಟ್ಟು ಇನ್ನೊಂದು ಫೋನ್ ಬರಬಹುದು: 'ಕಂಪನಿ ಮುಚ್ಚಿತು, ರಿಫಂಡ್ ಕೊಡ್ತೀವಿ, ಎನಿಡೆಸ್ಕ್ ಹಾಕ್ರಿ.' ಬ್ಯಾಂಕ್ ಪುಟದ ಅಂಕಿಗಳನ್ನು ಬ್ರೌಸರಿನಲ್ಲೇ ತಿದ್ದಿ, 'ಹೆಚ್ಚಿಗಿ ಬಿದ್ದಾವ, ಉಳಿದದ್ದು ವಾಪಸ್ ಹಾಕ್ರಿ' ಎಂದು ಅಳುವವರೂ ಇದ್ದಾರೆ. ಪುಟ ರಿಫ್ರೆಶ್ ಮಾಡಿದರೆ ಬಂದಿದ್ದ ರೊಕ್ಕ ಮಾಯ! 'ಮಗನ್ನ ಕೇಳಿ ಹೇಳ್ತೀನ್ರಿ' ಎಂದು ಫೋನ್ ಇಡಲು ಅಪ್ಪಾರಿಗೆ ಹೇಳಿಕೊಡಿ.

ಮಷಿನ್ ನಿಧಾನ ಇದ್ದದ್ದಕ್ಕೇ ಅಪ್ಪಾರು ನಂಬಿರಬಹುದು. ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್'ನಲ್ಲಿ ಡಿಸ್ಕ್ 'ಎಚ್‌ಡಿಡಿ' (ಹಾರ್ಡ್‌ಡಿಸ್ಕ್) ಎಂದಿದ್ದು, ಮಷಿನ್ ಸುಮ್ಮನಿದ್ದಾಗಲೂ ಅದರ ಬಳಕೆ ಶೇ. 100ಕ್ಕೆ ಅಂಟಿಕೊಂಡಿದ್ದರೆ, ದೋಷ ಬಹುಮಟ್ಟಿಗೆ ಹಳೆಯ ಹಾರ್ಡ್‌ಡಿಸ್ಕಿನದು. 256 ಜಿಬಿ ಎಸ್‌ಎಸ್‌ಡಿ (ಅದಕ್ಕಿಂತ ಬಹಳ ವೇಗದ ಡಿಸ್ಕ್) ಹಾಕಿಸಿದರೆ ಸಾಕು. ಅಂಗಡಿಯಲ್ಲಿ ದರ ಮೊದಲೇ ಕೇಳಿ, ಬಿಲ್ ತೊಗೊಳ್ಳಿ, ತೆಗೆದ ಡಿಸ್ಕನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಮನೆಮಂದಿಯ ಫೋಟೊ, ಬ್ರೌಸರ್ ನೆನಪಿಟ್ಟ ಪಾಸ್‌ವರ್ಡು ಎಲ್ಲ ಅದರಲ್ಲೇ ಇರುತ್ತವೆ.