ಯೂರಿಕ್ ಆಸಿಡ್ ಇಳಿಸಿದರೆ ಕಿಡ್ನಿ ಉಳಿಯುತ್ತದೆಯೇ?

ಲ್ಯಾಬ್ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 8.2 ಎಂದು ದಪ್ಪ ಅಕ್ಷರದಲ್ಲಿ ಬಂದಿರುತ್ತದೆ. ಅದನ್ನು ಕಂಡವರಿಗೆ ಬೇರೇನೂ ಕಾಣುವುದಿಲ್ಲ. ಅದೇ ಹಾಳೆಯಲ್ಲಿ ಕಿಡ್ನಿ ಎಷ್ಟು ಸೋತಿದೆ ಎಂದು ತಿಳಿಸುವ ಕ್ರಿಯಾಟಿನಿನ್ 2.1 ಇದೆ, ಬಿಪಿ 160 ದಾಟಿದೆ. ಪ್ರಶ್ನೆ ಮಾತ್ರ ಒಂದೇ: "ಡಾಕ್ಟ್ರೇ, ಈ ಯೂರಿಕ್ ಆಸಿಡಿಗೆ ಎಂತ ಮಾಡುದು?" ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕಿಡ್ನಿ ರೋಗಿಗಳು ಇದನ್ನೇ ಕೇಳುತ್ತಾರೆ.

ಯೂರಿಕ್ ಆಸಿಡ್ ನಮ್ಮ ದೇಹದಲ್ಲಿ ಉಂಟಾಗುವ ಒಂದು ತ್ಯಾಜ್ಯ. ಅದರ ಸುಮಾರು ಮೂರನೇ ಎರಡು ಭಾಗ ಹೊರಹೋಗುವುದು ಕಿಡ್ನಿಯ ಮೂಲಕವೇ. ಕಿಡ್ನಿ ಸೋತರೆ ಅದು ರಕ್ತದಲ್ಲಿ ಉಳಿಯುತ್ತದೆ. ತೋಟದ ಕಣಿ ಕಟ್ಟಿಕೊಂಡರೆ ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ ಅಲ್ವಾ? ಕೊಡದಲ್ಲಿ ನೀರು ಮೊಗೆದರೆ ಕಣಿ ಸರಿಯಾಗದು.

ಯೂರಿಕ್ ಆಸಿಡ್ ಜಾಸ್ತಿ ಇದ್ದವರ ಕಿಡ್ನಿ ಬೇಗ ಹಾಳಾಗುವುದು ಹಳೆಯ ಅಧ್ಯಯನಗಳಲ್ಲಿ ಕಂಡದ್ದು ನಿಜ. ಹಾಗಾಗಿ ಅದನ್ನು ಇಳಿಸಿ ನೋಡಿದರು. 2020ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಸಿಕೆಡಿ-ಫಿಕ್ಸ್ ಎಂಬುದರಲ್ಲಿ 369 ಕಿಡ್ನಿ ರೋಗಿಗಳಿದ್ದರು. ಪರ್ಲ್ ಎಂಬುದರಲ್ಲಿ ಟೈಪ್ 1 ಡಯಾಬಿಟಿಸ್ ಇದ್ದ 530 ಜನ. ಅರ್ಧದಷ್ಟು ಜನರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಅಲೋಪ್ಯೂರಿನಾಲ್ ತಿಂದವರ ಯೂರಿಕ್ ಆಸಿಡ್ ಚೆನ್ನಾಗಿ ಇಳಿಯಿತು. ಕಿಡ್ನಿ ಕುಗ್ಗುವ ವೇಗ ಇಳಿಯಲಿಲ್ಲ. ಯೂರಿಕ್ ಆಸಿಡಿನಿಂದ ಬರುವ ಗಂಟುನೋವಾದ ಗೌಟ್‌ನ ಲಕ್ಷಣವಿಲ್ಲದವರಿಗೆ ಕಿಡ್ನಿ ಉಳಿಸಲೆಂದೇ ಈ ಮಾತ್ರೆ ಕೊಡುವುದು ಬೇಡ ಎಂದು ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2024ರ ಮಾರ್ಗಸೂಚಿಯೂ ಸೂಚಿಸುತ್ತದೆ. ಮುಂದೆ ಹೊಸ ಔಷಧದಿಂದ ಬೇರೆ ಉತ್ತರ ಬರಬಹುದು. ಇವತ್ತಿಗೆ ಇರುವ ಉತ್ತರ ಇದು.

ಪೆರ್ಲದ ಕಡೆಯ ಹಿರಿಯ ಕೃಷಿಕರೊಬ್ಬರು ಬೇಳೆ, ಟೊಮೆಟೊ, ಸೊಪ್ಪು ಎಲ್ಲ ಬಿಟ್ಟು ಸೊರಗಿ ಬಂದಿದ್ದರು. "ಇವರು ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೆ ಮುಟ್ಟುದಿಲ್ಲ ಡಾಕ್ಟ್ರೇ" ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು. ಬೇಳೆ, ಸೊಪ್ಪಿನಿಂದ ಗೌಟ್ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಿಯರ್, ಸಕ್ಕರೆ ಪಾನೀಯ, ದಿನಾ ಬೂತಾಯಿ ಇದ್ದರೆ ಆ ಮಾತು ಬೇರೆ. ಇವರು ಬಿಡಬೇಕಾಗಿದ್ದದ್ದು ಉಪ್ಪಿನಕಾಯಿಯನ್ನು. ಮಂಡಿನೋವಿಗೆ ಮೆಡಿಕಲ್‌ನಿಂದ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯನ್ನು. ಕೊಲೆಸ್ಟರಾಲಿಗೆ ಒಳ್ಳೆಯದೆಂದು ಯಾರೋ ಹೇಳಿದ್ದ ಬಿಂಬುಳಿ ರಸವನ್ನೂ. ಬಿಂಬುಳಿಯಲ್ಲಿ ಕಿಡ್ನಿಯೊಳಗೆ ಹರಳುಗಟ್ಟುವ ಆಕ್ಸಲೇಟ್ ಜಾಸ್ತಿ. ಅದರ ರಸ ಕುಡಿದು ಕಿಡ್ನಿ ದಿಢೀರನೆ ಕೈಕೊಟ್ಟ ಪ್ರಕರಣಗಳು ಕೇರಳದಲ್ಲೇ ವರದಿಯಾಗಿವೆ. ಇಷ್ಟು ಕಷ್ಟಪಟ್ಟು ಪಥ್ಯ ಮಾಡುವವರನ್ನು ಕಂಡರೆ ನನಗೆ ಸಂಕಟ. ಆ ಶ್ರದ್ಧೆ ಸರಿಯಾದ ಕಡೆ ಹೋಗಬೇಕಿತ್ತು.

ಹಾಗಾದರೆ ನೋಡಬೇಕಾದದ್ದು ಏನು? ಬಿಪಿ. ಸಕ್ಕರೆ. ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನ್. ಈ ಕೊನೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಲೊಸಾರ್ಟಾನ್, ಡಾಪಾಗ್ಲಿಫ್ಲೋಜಿನ್‌ನಂಥ ಔಷಧಗಳು ಅನೇಕರಲ್ಲಿ ಕಿಡ್ನಿ ಸೋಲುವುದನ್ನು ನಿಧಾನಿಸುತ್ತವೆ. ಅವುಗಳಿಂದ ಯೂರಿಕ್ ಆಸಿಡ್ ಸ್ವಲ್ಪ ಇಳಿಯುವುದೂ ಉಂಟು. ಯಾರಿಗೆ ಯಾವುದು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಹೆಬ್ಬೆರಳು ಊದಿ, ಬಟ್ಟೆ ತಾಗಿದರೂ ಜೀವ ಹೋಗುವಂಥ ಗೌಟ್ ನೋವು ಬಂದವರಿಗೆ, ಯೂರಿಕ್ ಆಸಿಡ್ ಕಲ್ಲು ಆದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ಮಾತ್ರೆ ಬೇಕಾಗಬಹುದು. ಇದನ್ನು ಓದಿ ಸುಮ್ನೆ ನಿಲ್ಲಿಸಬೇಡಿ. ಆದರೆ ಅಲೋಪ್ಯೂರಿನಾಲ್ ಶುರುಮಾಡಿದ ಮೇಲೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಬನ್ನಿ.