ಕೋಷ್ಟಕದ ಒಂದು ಸಾಲಿನಲ್ಲಿ ಅಡಗಿದ ವೈವಿಧ್ಯ: ಬೆಟ್ಟದ ಕಾಡಿನ ಸ್ಪ್ರಿಂಗ್‌ಟೇಲ್‌ಗಳನ್ನು ಗುರುತಿಸುವ ವಿದ್ಯೆ ಬೆಳೆದು ಬಂದ ಬಗೆ

ಪಶ್ಚಿಮ ಘಟ್ಟದ ಕಾಡುಗಳ ಮಣ್ಣಿನ ಜೀವಿಗಳ ಕುರಿತ ಅಧ್ಯಯನ ವರದಿಗಳನ್ನು ತೆರೆದು ನೋಡಿದರೆ, ಇರುವೆ, ಗೆದ್ದಲು, ನುಸಿ, ಸಹಸ್ರಪದಿಗಳ ಜೊತೆಗೆ ‘ಕಾಲೆಂಬೋಲ’ ಎಂಬ ಒಂದು ಸಾಲು ಸಾಮಾನ್ಯವಾಗಿ ಕಾಣುತ್ತದೆ, ಅದರ ಎದುರಿಗೆ ಒಟ್ಟು ಎಣಿಕೆಯ ಒಂದು ಅಂಕಿಯೂ ಇರುತ್ತದೆ. ಸ್ಪ್ರಿಂಗ್‌ಟೇಲ್ ಎಂದು ಕರೆಯುವ ಈ ಸೂಕ್ಷ್ಮ ಜೀವಿಗಳಲ್ಲಿ ಪ್ರಪಂಚದಾದ್ಯಂತ ಇದುವರೆಗೆ ಹೆಸರು ಪಡೆದ ಪ್ರಭೇದಗಳು 9,000ಕ್ಕೂ ಹೆಚ್ಚು. ಭಾರತದಿಂದ ದಾಖಲಾದವು 300ಕ್ಕೂ ಹೆಚ್ಚು. ಆದರೂ ಒಂದು ಬೆಟ್ಟದ ಕಾಡಿನಲ್ಲಿ ಯಾವ ಯಾವ ಪ್ರಭೇದಗಳಿವೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಸಿಗುವ ಉತ್ತರ ಆ ಒಂದೇ ಸಾಲು. ಮಾದರಿಗಳನ್ನು ತರುವವರಿಗೆ ಕೊರತೆಯಿಲ್ಲ, ತಂದದ್ದನ್ನು ಪ್ರಭೇದದ ಮಟ್ಟಕ್ಕೆ ಓದಬಲ್ಲವರು ವಿರಳ. ಈ ಅಂತರ ಹೇಗೆ ಉಂಟಾಯಿತೆಂದು ತಿಳಿಯಬೇಕಾದರೆ ಗುರುತಿಸುವ ವಿದ್ಯೆಯ ಚರಿತ್ರೆಯನ್ನೇ ನೋಡಬೇಕಾಗುತ್ತದೆ.

ಸ್ಪ್ರಿಂಗ್‌ಟೇಲ್‌ಗೆ ಆರು ಕಾಲುಗಳಿದ್ದರೂ ಇಂದಿನ ವರ್ಗೀಕರಣ ಅದನ್ನು ಕೀಟವೆಂದು ಎಣಿಸುವುದಿಲ್ಲ. ಅದರ ಬಾಯಿಯ ಭಾಗಗಳು ತಲೆಯ ಒಳಗೆ ಹುದುಗಿರುತ್ತವೆ, ಹೊಟ್ಟೆಯಲ್ಲಿ ಆರೇ ಖಂಡಗಳಿರುತ್ತವೆ, ರೆಕ್ಕೆ ಎಂದೂ ಬರುವುದಿಲ್ಲ. ಹೆಚ್ಚಿನವುಗಳ ಉದ್ದ ಅರ್ಧ ಮಿಲಿಮೀಟರಿನಿಂದ ಮೂರು ಮಿಲಿಮೀಟರ್. ಹೊಟ್ಟೆಯ ಅಡಿಯಲ್ಲಿ ಮಡಚಿಟ್ಟಿರುವ ಕವಲು ಬಾಲ ಬಿಚ್ಚಿಕೊಂಡು ನೆಲಕ್ಕೆ ಬಡಿದಾಗ ಪ್ರಾಣಿ ತನ್ನ ಉದ್ದದ ಹಲವಾರು ಪಟ್ಟು ದೂರಕ್ಕೆ ಚಿಮ್ಮುತ್ತದೆ. ತರಗೆಲೆಯ ಮೇಲ್ಪದರದಲ್ಲಿ ಓಡಾಡುವವುಗಳಿಗೆ ಬಣ್ಣ, ಉದ್ದದ ಕುಡಿಮೀಸೆ ಮತ್ತು ಪ್ರತಿ ಪಕ್ಕದಲ್ಲೂ ಎಂಟರವರೆಗೆ ಕಣ್ಣುಬಿಂದುಗಳಿರುತ್ತವೆ. ಮಣ್ಣಿನ ಆಳದಲ್ಲಿರುವವು ಬೆಳ್ಳಗೆ, ಕುರುಡಾಗಿ, ಮೊಟಕು ಬಾಲದವು ಇಲ್ಲವೇ ಬಾಲವೇ ಇಲ್ಲದವು. ಆದ್ದರಿಂದ ಅಂಗೈಯಗಲದ ಜಾಗದಲ್ಲೂ ಮೇಲಿಂದ ಕೆಳಕ್ಕೆ ಬೇರೆ ಬೇರೆ ಪ್ರಭೇದಗಳು ವಾಸಿಸುತ್ತವೆ. ಇವುಗಳಲ್ಲಿ ಬಹುಪಾಲು ಶಿಲೀಂಧ್ರ ಮತ್ತು ಕೊಳೆಯುವ ಎಲೆಯನ್ನು ತಿನ್ನುತ್ತವೆ, ಹೀಗೆ ಕಾಡಿನ ಗೊಬ್ಬರ ತಯಾರಾಗುವ ಕೆಲಸದಲ್ಲಿ ಪಾಲ್ಗೊಳ್ಳುತ್ತವೆ.

ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್ 1740ರಲ್ಲೇ ಇವುಗಳನ್ನು ವರ್ಣಿಸಿದ್ದನು. 1758ರಲ್ಲಿ ಲಿನೇಯಸ್ ‘ಪೊಡ್ಯೂರಾ’ ಎಂಬ ಕುಲದಡಿ ಕೆಲವಕ್ಕೆ ಹೆಸರಿಟ್ಟನು. ಬೆಟ್ಟದ ಸ್ಪ್ರಿಂಗ್‌ಟೇಲ್ ಒಂದು ವಿಜ್ಞಾನದ ಗಮನ ಸೆಳೆದದ್ದು ಆಲ್ಪ್ಸ್‌ನ ಹಿಮನದಿಯ ಮೇಲೆ: ಅಲ್ಲಿ ಹಿಮನದಿಗಳ ಅಧ್ಯಯನ ನಡೆಸುತ್ತಿದ್ದ ವಿಜ್ಞಾನಿ ಅಗಾಸಿಝ್‌ನ ಸಂಗಡಿಗನಾಗಿದ್ದ ಡೆಸೋರ್‌ನ ಹೆಸರಿನಲ್ಲಿ 1841ರಲ್ಲಿ ‘ಡೆಸೋರಿಯಾ’ ಎಂಬ ಕುಲ ಹುಟ್ಟಿತು. ಇಡೀ ಗುಂಪಿಗೆ ಕಾಲೆಂಬೋಲ ಎಂಬ ಹೆಸರನ್ನು ಕೊಟ್ಟ ಜಾನ್ ಲಬ್ಬಕ್‌ನ ಬೃಹತ್ ಗ್ರಂಥ 1873ರಲ್ಲಿ ಹೊರಬಂತು. ಆ ಕಾಲದ ವರ್ಣನೆಗಳು ಬಹುಮಟ್ಟಿಗೆ ಬಣ್ಣ, ಆಕಾರ, ಕುಡಿಮೀಸೆಯ ಉದ್ದಗಳನ್ನು ನಂಬಿದ್ದವು. ಮುಂದಿನ ಗೊಂದಲಗಳಲ್ಲಿ ಹಲವಕ್ಕೆ ಬೇರು ಇದೇ, ಏಕೆಂದರೆ ಮದ್ಯಸಾರದಲ್ಲಿ ಇಟ್ಟ ಮಾದರಿಯ ಬಣ್ಣ ಕ್ರಮೇಣ ಮಾಸುತ್ತದೆ ಮತ್ತು ಮೈಮೇಲಿನ ಹುರುಪೆಗಳು ಮುಟ್ಟಿದರೆ ಉದುರುತ್ತವೆ. ಇವುಗಳ ವಂಶ ಎಷ್ಟು ಹಳೆಯದೆಂಬುದು ಸ್ಕಾಟ್ಲೆಂಡಿನ ರೈನಿ ಎಂಬಲ್ಲಿಯ ಕಲ್ಲಿನಿಂದ ತಿಳಿಯಿತು. ಸುಮಾರು 40 ಕೋಟಿ ವರ್ಷ ಹಳೆಯ ಆ ಪಳೆಯುಳಿಕೆಯನ್ನು 1926ರಲ್ಲಿ ವರ್ಣಿಸಿದ ಇಬ್ಬರಲ್ಲಿ ಒಬ್ಬರು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಕೀಟತಜ್ಞ ಸಮರೇಂದ್ರ ಮೌಲಿಕ್ ಎಂಬುದನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ.

ವೈವಿಧ್ಯವನ್ನು ಅಳೆಯುವ ಕೆಲಸಕ್ಕೆ ನಿಜವಾದ ದಾರಿ ತೆರೆದದ್ದು ಒಂದು ಸರಳ ಸಾಧನ. ಇಟಲಿಯ ಅಂಟೋನಿಯೊ ಬರ್ಲೀಸ್ 1905ರಲ್ಲಿ, ತರಗೆಲೆ ತುಂಬಿದ ಆಲಿಕೆಯನ್ನು ಬಿಸಿನೀರಿನ ಕವಚದಿಂದ ಬಿಸಿ ಮಾಡಿ, ಒಣಗುವ ಎಲೆಯಿಂದ ತಪ್ಪಿಸಿಕೊಳ್ಳಲು ಕೆಳಕ್ಕಿಳಿಯುವ ಜೀವಿಗಳನ್ನು ಶೀಶೆಯಲ್ಲಿ ಹಿಡಿಯುವ ವಿಧಾನವನ್ನು ಪ್ರಕಟಿಸಿದನು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಬಿಸಿನೀರಿನ ಬದಲಿಗೆ ವಿದ್ಯುತ್ ದೀಪವನ್ನು ತಂದನು. ಇಂದಿಗೂ ಪ್ರಯೋಗಾಲಯಗಳಲ್ಲಿ ಇದೇ ಆಲಿಕೆ ಬಳಕೆಯಲ್ಲಿದೆ. ಮಳೆಗಾಲದ ಮಲೆನಾಡಿನಿಂದ ತಂದ ನೆಂದ ತರಗನ್ನು ಇದರಲ್ಲಿ ಹಾಕುವಾಗ ತಾಳ್ಮೆ ಬೇಕು. ದೀಪದ ಶಾಖ ಹೆಚ್ಚಾದರೆ ಓಡಬಲ್ಲವು ಮಾತ್ರ ಶೀಶೆಗೆ ಬೀಳುತ್ತವೆ; ನಿಧಾನವಾಗಿ ನಡೆಯುವವು, ಮಣ್ಣಿನ ಆಳದವು, ಕೆಳಗೆ ತಲಪುವ ಮೊದಲೇ ಎಲೆಯ ನಡುವೆ ಒಣಗಿ ಸಾಯುತ್ತವೆ. ಹೀಗೆ ಆತುರದಿಂದ ತೆಗೆದ ಮಾದರಿ ಕಾಡಿನ ವೈವಿಧ್ಯಕ್ಕಿಂತ ಕಾಡಿನ ಚುರುಕು ಜೀವಿಗಳ ಪಟ್ಟಿಯಾಗಿಬಿಡುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ಅಡಿಪಾಯ ಹಾಕಿದವರು, ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದು ನಂತರ ಡೆಹ್ರಾಡೂನಿನಲ್ಲಿ ಅರಣ್ಯ ಪ್ರಾಣಿಶಾಸ್ತ್ರಜ್ಞರಾದ ಎ. ಡಿ. ಇಮ್ಸ್. ಭಾರತ, ಬರ್ಮಾ ಮತ್ತು ಸಿಲೋನ್‌ಗಳ ಪ್ರಭೇದಗಳನ್ನು ವಿವರಿಸುವ ಅವರ ಪ್ರಬಂಧ 1912ರಲ್ಲಿ ಬಂತು. ಈಶಾನ್ಯದ ಅಬೋರ್ ಬೆಟ್ಟಗಳ ದಂಡಯಾತ್ರೆಯಲ್ಲಿ ಸಂಗ್ರಹವಾದವನ್ನು ಕಾರ್ಪೆಂಟರ್ 1917ರಲ್ಲಿ ವರ್ಣಿಸಿದರು. ದಕ್ಷಿಣ ಭಾರತದ ಮಾದರಿಗಳ ಮೇಲೆ ಸ್ವಿಟ್ಜರ್ಲೆಂಡಿನ ಹ್ಯಾಂಡ್‌ಶಿನ್ 1929ರಲ್ಲಿ ಬರೆದರು. 1932ರ ಯೇಲ್ ಉತ್ತರ ಭಾರತ ಯಾತ್ರೆ ತಂದದ್ದನ್ನು ಫ್ರಾನ್ಸಿನ ಡೆನಿಸ್ 1936ರಲ್ಲಿ ಪ್ರಕಟಿಸಿದರು. ಗಮನಿಸಬೇಕಾದ ಸಂಗತಿ ಎಂದರೆ, ಸಂಗ್ರಹ ಇಲ್ಲಿಯದು, ಓದು ಯುರೋಪಿನದು. ಹೆಸರಿಗೆ ಆಧಾರವಾದ ಮೂಲ ಮಾದರಿಗಳಲ್ಲಿ ಹಲವು ಅಲ್ಲಿಯ ಸಂಗ್ರಹಾಲಯಗಳಲ್ಲೇ ಉಳಿದವು. ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. 1950ರ ದಶಕದಲ್ಲಿ ಆಗ್ರಾದಿಂದ ಎಂ. ಎಸ್. ಮಣಿ ಅವರ ನೇತೃತ್ವದಲ್ಲಿ ಹಿಮಾಲಯದ ಎತ್ತರದ ಕೀಟಗಳ ಸಮೀಕ್ಷೆ ನಡೆಯಿತು, ಬೈಜಲ್ ಅವರು ಅಲ್ಲಿಯ ಸ್ಪ್ರಿಂಗ್‌ಟೇಲ್‌ಗಳ ಮೇಲೆ ಬರೆದರು. ಕೇರಳದಲ್ಲಿ ಎನ್. ಆರ್. ಪ್ರಭು 1971ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಮಣ್ಣು ಮತ್ತು ತರಗೆಲೆಯ ಸ್ಪ್ರಿಂಗ್‌ಟೇಲ್‌ಗಳ ಅಧ್ಯಯನವನ್ನು, ಘಟ್ಟದ ಕಾಡಿನಲ್ಲಿ ಕೆಲಸ ಮಾಡುವವರು ಇಂದಿಗೂ ಬಿಟ್ಟು ಮುಂದುವರಿಯುವಂತಿಲ್ಲ.

ಇಷ್ಟರಲ್ಲಿ ಗುರುತಿಸುವ ಕ್ರಮವೇ ಬದಲಾಗಿತ್ತು. ಜಿನೀವಾದ ಹರ್ಮನ್ ಗಿಸಿನ್ ಮೊದಲಾದವರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಬಣ್ಣಕ್ಕಿಂತ ಮೈಮೇಲಿನ ರೋಮಗಳ ಸಂಖ್ಯೆ ಮತ್ತು ಸ್ಥಾನ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರಿಸಿಕೊಟ್ಟರು. ಈ ಕೆಲಸವನ್ನು ಹತ್ತಿರದಿಂದ ಕಂಡರೆ ತಜ್ಞರು ಏಕೆ ಕಡಿಮೆ ಎಂಬುದು ಅರ್ಥವಾಗುತ್ತದೆ. ಪ್ರಾಣಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ಇಟ್ಟು ಮೈ ಪಾರದರ್ಶಕವಾಗುವವರೆಗೆ ಕಾಯಬೇಕು, ಆಮೇಲೆ ಗಾಜಿನ ಪಟ್ಟಿಯ ಮೇಲೆ ದ್ರವದ ಹನಿಯಲ್ಲಿ ಸೂಜಿಯಿಂದ ಸರಿಯಾಗಿ ಮಲಗಿಸಬೇಕು. ಬೆನ್ನಿನ ರೋಮ ಕಾಣಲು ಒಂದು, ಬಾಲದ ತುದಿಯ ಹಲ್ಲುಗಳು ಕಾಣಲು ಪಕ್ಕಕ್ಕೆ ಹೊರಳಿದ ಇನ್ನೊಂದು ಬೇಕಾಗುತ್ತದೆ, ಎಂದರೆ ಒಂದೇ ಮಾದರಿ ಸಾಲದು. ಅನಂತರ ಸೂಕ್ಷ್ಮದರ್ಶಕದಲ್ಲಿ ಕಣ್ಣುಬಿಂದುಗಳನ್ನು ಎಣಿಸಿ, ಕುಡಿಮೀಸೆಯ ಹಿಂದಿನ ಸಂವೇದನಾಂಗ ಇದೆಯೇ ಎಂದು ಹುಡುಕಿ, ಉಗುರಿನ ಒಳಬದಿಯ ಹಲ್ಲುಗಳನ್ನು ನೋಡಿ, ಒಂದೊಂದು ಖಂಡದ ರೋಮಗಳನ್ನೂ ಚಿತ್ರಿಸಿಕೊಂಡು ಹಳೆಯ ವರ್ಣನೆಯ ಜೊತೆ ಹೋಲಿಸಬೇಕು. ಹಳೆಯ ವರ್ಣನೆಯಲ್ಲಿ ರೋಮಗಳ ಮಾತೇ ಇಲ್ಲದಿದ್ದರೆ, ಮೂಲ ಮಾದರಿಯನ್ನೇ ನೋಡದೆ ಬೇರೆ ಉಪಾಯವಿಲ್ಲ.

ಪ್ರಾಣಿಯ ಬದುಕೂ ಕೆಲಸವನ್ನು ಕಷ್ಟಗೊಳಿಸುತ್ತದೆ. ಸ್ಪ್ರಿಂಗ್‌ಟೇಲ್ ಪ್ರಾಯಕ್ಕೆ ಬಂದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ, ಮರಿಯಲ್ಲಿ ಇಲ್ಲದ ರೋಮಗಳು ಬೆಳೆದಂತೆ ಮೂಡುತ್ತವೆ. ಕೆಲವು ಪ್ರಭೇದಗಳು ಋತುವಿಗೆ, ಶಾಖಕ್ಕೆ ತಕ್ಕಂತೆ ರೂಪವನ್ನೇ ಬದಲಿಸುತ್ತವೆ ಎಂಬುದನ್ನು ಟುಲೂಸಿನ ಪೋಲ್ ಕಸ್ಸಾನ್ಯೂ 1950ರ ದಶಕದಲ್ಲಿ ವಿವರಿಸಿದರು.

ಇದೇ ಕಸ್ಸಾನ್ಯೂ 1988ರಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಬೆಟ್ಟಗಳ ನಿಯಾನ್ಯೂರಿನೇ ಎಂಬ ಉಪಕುಟುಂಬದ ಮೇಲೆ ಬರೆದರು. ಬೆಟ್ಟದ ಕಾಡು ಏಕೆ ಮುಖ್ಯ ಎಂಬುದು ಈ ಗುಂಪಿನಿಂದ ಚೆನ್ನಾಗಿ ಮನವರಿಕೆಯಾಗುತ್ತದೆ. ಇವುಗಳ ಮೈಮೇಲೆ ಗಂಟುಗಂಟಾದ ಉಬ್ಬುಗಳಿರುತ್ತವೆ, ಕಾಲು ಮೊಟಕು, ನಡಿಗೆ ನಿಧಾನ, ಚಿಮ್ಮಲು ಬಾಲವಿಲ್ಲ. ತೇವವಿರುವ ಕೊಳೆತ ಮರ ಮತ್ತು ತರಗೆಲೆಯನ್ನು ಬಿಟ್ಟು ಒಣ ಬಯಲನ್ನು ದಾಟುವುದು ಇವುಗಳಿಗೆ ಅಸಾಧ್ಯಕ್ಕೆ ಸಮೀಪ. ಹೀಗಾಗಿ ಹುಲ್ಲುಗಾವಲಿನ ನಡುವೆ ದ್ವೀಪದಂತೆ ಉಳಿದಿರುವ ಶೋಲಾ ತುಣುಕುಗಳಲ್ಲಿ ಪ್ರತಿ ಬೆಟ್ಟಕ್ಕೂ ಅದರದೇ ಪ್ರಭೇದ ಇರುವ ಸಾಧ್ಯತೆ ದೊಡ್ಡದು. ಎಣಿಕೆಯಲ್ಲಿ ಈ ಗುಂಪಿನವು ಯಾವಾಗಲೂ ಕಡಿಮೆ. ಆದ್ದರಿಂದ ಎಲ್ಲವನ್ನೂ ಕಾಲೆಂಬೋಲ ಎಂದು ಒಟ್ಟು ಹಾಕಿದಾಗ, ಎಲ್ಲೆಡೆಯೂ ಸಿಗುವ ಸಾಮಾನ್ಯ ಪ್ರಭೇದಗಳ ಸಂಖ್ಯೆಯಲ್ಲಿ ಇವು ಮುಚ್ಚಿಹೋಗುತ್ತವೆ. ನೀಲಗಿರಿ ಅಥವಾ ಅಕೇಶಿಯಾ ನೆಡುತೋಪಿನ ಅಂಕಿಯೂ ಶೋಲಾದ ಅಂಕಿಯೂ ಒಂದೇ ಆಗಿ ಕಂಡರೆ, ಎರಡೂ ಮಣ್ಣುಗಳು ಸಮಾನವೆಂಬ ತೀರ್ಮಾನಕ್ಕೆ ಬರುವುದು ತಪ್ಪು, ಮತ್ತು ಅರಣ್ಯ ನಿರ್ವಹಣೆಯ ನಿರ್ಧಾರಗಳಲ್ಲಿ ಅಪಾಯಕಾರಿ ತಪ್ಪು ಎಂದೇ ನನ್ನ ಅಭಿಪ್ರಾಯ.

2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮುಂದಿಟ್ಟ, ಡಿಎನ್‌ಎಯ ಒಂದು ಚಿಕ್ಕ ತುಣುಕನ್ನು ಓದಿ ಪ್ರಭೇದವನ್ನು ಗುರುತಿಸುವ ಡಿಎನ್‌ಎ ಬಾರ್‌ಕೋಡ್ ವಿಧಾನವನ್ನು ಮರುವರ್ಷವೇ ಆರ್ಕ್‌ಟಿಕ್‌ನ ಸ್ಪ್ರಿಂಗ್‌ಟೇಲ್‌ಗಳ ಮೇಲೆ ಪರೀಕ್ಷಿಸಲಾಯಿತು. ಅದು ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟಷ್ಟೇ ಹೊಸ ಪ್ರಶ್ನೆಗಳನ್ನೂ ಎತ್ತಿತು. 1896ರಲ್ಲಿ ಹೆಸರು ಪಡೆದು ಯುರೋಪಿನ ಮಣ್ಣಿನಲ್ಲಿ ಅತಿ ಸಾಮಾನ್ಯವೆನಿಸಿದ ‘ಪ್ಯಾರಿಸೊಟೋಮಾ ನೊಟಾಬಿಲಿಸ್’ ಒಂದೇ ಪ್ರಭೇದವಲ್ಲದೆ, ಹೊರನೋಟಕ್ಕೆ ಒಂದೇ ರೀತಿ ಕಾಣುವ ಕನಿಷ್ಠ ನಾಲ್ಕು ವಂಶಧಾರೆಗಳ ಗುಂಪೆಂದು 2012ರಲ್ಲಿ ತಿಳಿದುಬಂತು. ಅತ್ಯಂತ ಹೆಚ್ಚು ಅಧ್ಯಯನವಾದ ಖಂಡದಲ್ಲೇ ಹೀಗಿದ್ದರೆ, ಘಟ್ಟದ ಕಾಡಿನ ಪ್ರಭೇದಪಟ್ಟಿಯನ್ನು ಅಂತಿಮವೆಂದು ಯಾರೂ ಭಾವಿಸಲಾರರು.

ಸಂತೋಷದ ವಿಷಯವೆಂದರೆ ಡಿಎನ್‌ಎ ತೆಗೆಯುವಾಗ ಪ್ರಾಣಿಯನ್ನು ಅರೆಯಬೇಕಾಗಿಲ್ಲ. ಒಳಗಿನ ಅಂಗಾಂಶ ಕರಗಿದ ಮೇಲೂ ಹೊರಪೊರೆ ರೋಮಸಹಿತ ಉಳಿಯುವ ವಿಧಾನ ಈಗ ಇದೆ, ಆ ಪೊರೆಯನ್ನೇ ಗಾಜಿನ ಪಟ್ಟಿಗೆ ಏರಿಸಿ ಓದಬಹುದು. ಆದರೆ ಸಿಕ್ಕ ಡಿಎನ್‌ಎ ಸರಣಿಗೆ ಹೆಸರು ಹಚ್ಚಲು ಹೆಸರಿನ ಮೂಲ ಬೇಕು. ಹ್ಯಾಂಡ್‌ಶಿನ್, ಪ್ರಭು, ಕಸ್ಸಾನ್ಯೂ ಅವರು ವರ್ಣಿಸಿದ ಪ್ರಭೇದಗಳನ್ನು ಅವೇ ಬೆಟ್ಟಗಳಿಂದ ಮತ್ತೆ ಸಂಗ್ರಹಿಸಿ, ರೋಮಗಳ ಚಿತ್ರ ಮತ್ತು ಡಿಎನ್‌ಎ ಎರಡನ್ನೂ ಒಟ್ಟಿಗೆ ದಾಖಲಿಸುವ ಕೆಲಸ ಮೊದಲು ಆಗಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮ ಸಂಧಿಪದಿಗಳ ಅಧ್ಯಯನಕ್ಕೆ ಪರಂಪರೆಯಿದೆ, ಅದನ್ನು ಹೊಲದಿಂದ ಕಾಡಿಗೆ ವಿಸ್ತರಿಸಲು ಅವಕಾಶವೂ ಇದೆ. ಪ್ರತಿ ಬೇಸಿಗೆಯಲ್ಲಿ ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ದರಗು ಗುಡಿಸುವ ಶಿವಮೊಗ್ಗ, ಉತ್ತರ ಕನ್ನಡಗಳ ಸೊಪ್ಪಿನಬೆಟ್ಟಗಳನ್ನು ಪಕ್ಕದ ಗುಡಿಸದ ಕಾನಿನೊಡನೆ, ಎಂದರೆ ನಿತ್ಯಹಸಿರು ಕಾಡಿನೊಡನೆ, ಪ್ರಭೇದದ ಮಟ್ಟದಲ್ಲಿ ಹೋಲಿಸಿದರೆ, ತರಗು ತೆಗೆದಾಗ ಯಾವುವು ಉಳಿಯುತ್ತವೆ, ಯಾವುವು ಹೋಗುತ್ತವೆ ಎಂಬುದನ್ನು ಊಹೆಯಿಲ್ಲದೆ ಹೇಳಬಹುದು.